ಗೋಡೆಗೆ ತೂಗಿದ ಲೈಸೆನ್ಸು

ಮನೆ ಕಟ್ಟಿಸುವುದೆಂದು ತೀರ್ಮಾನವಾದ ಒಂದೇ ತಿಂಗಳಲ್ಲಿ ಮನೋರಮಾ ಟೀಚರ್ ನಾಲ್ಕು ಮಂದಿ ಮೇಸ್ತ್ರಿಗಳನ್ನು ಫೇಲು ಮಾಡಿದರು. ಮೊದಲನೆಯವನು ಬನ್ನಂಜೆಯ ಅವರ ಬಾಡಿಗೆ ಮನೆಯ ಜಗಲಿಯಲ್ಲಿ ಕೂತು, ಮಾತಿನ ನಡುವೆ ಎರಡು ಸಲ ಎದ್ದು ಹೋಗಿ ದಾಸವಾಳದ ಬುಡಕ್ಕೆ ಎಲೆಯಡಿಕೆ ಉಗಿದು ಬಂದ. ಎರಡನೆಯವನು ಮನೆಯ ನಕ್ಷೆಯನ್ನು ಯಾರದೋ ಮದುವೆ ಕಾಗದದ ಹಿಂಬದಿಯಲ್ಲಿ ಗೀಚಿದ. ಮೂರನೆಯವನು ಕಾಗದ, ಪೆನ್ನು ಯಾವುದನ್ನೂ ಮುಟ್ಟದೆ, "ನೀವು ಟೆನ್ಶನ್ ಮಾಡಬೇಡಿ ಟೀಚರ್, ಎಲ್ಲ ತಲೆಯಲ್ಲಿ ಉಂಟು" ಎಂದ. ಟೀಚರ್ ಆ ತಲೆಯನ್ನು ಒಂದು ಗಳಿಗೆ ನೋಡಿದರು. ಎರಡು ಕೋಣೆ, ಒಂದು ಚಾವಡಿ, ಒಂದು ಅಡುಗೆಮನೆ ಅದರಲ್ಲಿ ಹಿಡಿಸುವ ಲಕ್ಷಣ ಅವರಿಗೆ ಕಾಣಲಿಲ್ಲ.

ನಾಲ್ಕನೆಯವನು ಈಶಪ್ಪ. ಬಾದಾಮಿ ಕಡೆಯವನು, ಮಣಿಪಾಲದ ಹಿಂಬದಿಯ ಶೆಡ್ಡುಗಳಲ್ಲಿ ಇಪ್ಪತ್ತು ವರ್ಷದಿಂದ ಸಂಸಾರ ಮಾಡಿಕೊಂಡಿರುವ ಮೇಸ್ತ್ರಿ. ಮಟ್ಟುವಿನಲ್ಲಿರುವ ಟೀಚರ ತಮ್ಮ ಮುದ್ದಣ್ಣನ ಮನೆಗೆ ಹೊಸ ಬಚ್ಚಲು ಕಟ್ಟಿಕೊಟ್ಟವನು ಅವನೇ. ತಮ್ಮನ ಹೆಂಡತಿ ಕುಶಲಾ, "ಒಳ್ಳೆ ಕೆಲಸ ಅಕ್ಕ, ಒಂದು ಹನಿ ನೀರು ನಿಲ್ಲುವುದಿಲ್ಲ" ಎಂದು ಹೊಗಳಿ ಕಳಿಸಿದ್ದಳು. ಈಶಪ್ಪ ಜಗಲಿಯ ಮೆಟ್ಟಿಲಿನ ಮೇಲೆ ಕೂತ. ಟೀಚರ್ ತಮ್ಮ ಮೊದಲ ಪ್ರಶ್ನೆ ಕೇಳಿದರು.

"ನಿನಗೆ ಲೈಸೆನ್ಸ್ ಉಂಟಾ?"

ಈಶಪ್ಪ ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡ. "ಗಾಡೀದೇನ್ರಿ ಅಕ್ಕಾರ? ಐತ್ರಿ. ಟೂ ವ್ಹೀಲರ್ ಅಷ್ಟ."

ಎರಡನೆಯ ಪ್ರಶ್ನೆಯ ಅಗತ್ಯ ಬೀಳಲಿಲ್ಲ. ಮುಂದಿನ ಒಂದು ವಾರ ಟೀಚರ್ ಈ ಕತೆಯನ್ನು ಸೊಸೈಟಿಯ ಕ್ಯೂನಲ್ಲಿ, ನಿವೃತ್ತ ಶಿಕ್ಷಕಿಯರ ಚಹಾ ಕೂಟದಲ್ಲಿ, ಕೊನೆಗೆ ಕುಶಲಾಳ ಎದುರೇ ಹೇಳಿ ನಕ್ಕರು. "ಟೂ ವ್ಹೀಲರ್ ಅಂತೆ! ನನ್ನ ಮನೆಗೆ ಹ್ಯಾಂಡಲ್ ಇಡುತ್ತಿದ್ದನೋ ಏನೋ!"

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಹಿಂದಿನ ವರ್ಷ ನಿವೃತ್ತರಾದವರು ಅವರು. ಮದುವೆಯಾಗಲಿಲ್ಲ, ಅದರ ಬಗ್ಗೆ ಕೇಳಿದವರನ್ನು ಎರಡನೆಯ ಸಲ ಕೇಳದಂತೆ ಮಾಡುವ ನಾಲಿಗೆ ಅವರಿಗಿತ್ತು. ಮಟ್ಟುವಿನಲ್ಲಿ, ತಮ್ಮನ ಗುಳ್ಳ ಬದನೆಯ ಗದ್ದೆಯ ಪಕ್ಕದಲ್ಲಿ, ಅವರ ಪಾಲಿಗೆ ಬಂದ ಹದಿನೈದು ಸೆಂಟ್ಸ್ ಜಾಗವಿತ್ತು. ಅಲ್ಲೊಂದು ಮನೆ ಕಟ್ಟಿ ಸಾಯುವ ತನಕ ಯಾರ ಹಂಗೂ ಇಲ್ಲದೆ ಇರಬೇಕೆಂಬುದು ಅವರ ಯೋಚನೆ. ಆದರೆ ಮುದ್ದಣ್ಣ ಕಟ್ಟಿಸಿದ ಹಾಗೆ ಅಲ್ಲ. ಮುದ್ದಣ್ಣ ಯಾವನೋ ಮೇಸ್ತ್ರಿಯ ಜೊತೆ ತೆಂಗಿನ ಕಟ್ಟೆಯ ಮೇಲೆ ಬಾಯಿಮಾತಿನಲ್ಲಿ ಒಪ್ಪಂದ ಮಾಡಿಕೊಂಡು ಕಟ್ಟಿಸಿದ್ದ. ಇವತ್ತಿಗೂ ಅವನ ಅಡುಗೆಮನೆಯ ಬಾಗಿಲು ಮುಕ್ಕಾಲು ತೆರೆದರೆ ಗೋಡೆಗೆ ಬಡಿಯುತ್ತದೆ. ಟೀಚರ ಪ್ರಕಾರ ಊರಿನ ಸಕಲ ಅನಿಷ್ಟಕ್ಕೂ ಕಾರಣ ಒಂದೇ, ಕಾಗದಪತ್ರ ಇಲ್ಲದಿರುವುದು. ಹಾಗಾಗಿ ಅವರಿಗೆ ಬೇಕಾದದ್ದು ಲೈಸೆನ್ಸ್ ಇರುವ ಕಂಟ್ರಾಕ್ಟರ್.

ಸಿಕ್ಕಿದ. ಹೆಸರು ಪ್ರತೀಕ್. ಮಣಿಪಾಲದಲ್ಲಿ ಗಾಜಿನ ಬಾಗಿಲಿನ ಆಫೀಸು, ಒಳಗೆ ಹಲ್ಲು ಕಟಗುಟ್ಟುವಷ್ಟು ಎ.ಸಿ. ಮೂವತ್ತು ದಾಟದ ಹುಡುಗ, ಮಡಿಕೆ ಬೀಳದ ಅಂಗಿ. ದೊಡ್ಡ ಟಿವಿಯಲ್ಲಿ ಟೀಚರ ಮನೆಯನ್ನು ಆಗಲೇ ಕಟ್ಟಿ ಮುಗಿಸಿ ತೋರಿಸಿದ. ಚಿತ್ರದಲ್ಲಿ ಮನೆಯ ಎದುರು ಕಾರು ನಿಂತಿತ್ತು, ಹುಲ್ಲಿನ ಮೇಲೆ ಬಿಳಿ ನಾಯಿಯೊಂದು ಓಡುತ್ತಿತ್ತು. ಟೀಚರಿಗೆ ಕಾರಿರಲಿಲ್ಲ, ನಾಯಿ ಕಂಡರೆ ಆಗುತ್ತಿರಲಿಲ್ಲ. ಹೇಗೂ ಅವರ ಕಣ್ಣು ಟಿವಿಯ ಮೇಲೆ ಇರಲಿಲ್ಲ. ಪ್ರತೀಕನ ತಲೆಯ ಹಿಂದೆ, ಚಂದನದ ಹಾರ ಹಾಕಿಸಿಕೊಂಡು, ಚೌಕಟ್ಟು ಹಾಕಿದ ಲೈಸೆನ್ಸ್ ತೂಗುತ್ತಿತ್ತು. ಲೋಕೋಪಯೋಗಿ ಇಲಾಖೆಯದ್ದು. ಒಂದನೇ ದರ್ಜೆ ಗುತ್ತಿಗೆದಾರರು, ಎನ್. ಬೂಬ ಸಾಲಿಯಾನ್, ನಕ್ರೆ, ಕಾರ್ಕಳ.

"ಇವರು ಯಾರು?"

"ನಮ್ಮ ಸೀನಿಯರ್ ಪಾರ್ಟ್‌ನರ್ ಮೇಡಂ. ಎಲ್ಲ ಪ್ರಾಜೆಕ್ಟ್ ಅವರ ಗೈಡೆನ್ಸಿನಲ್ಲೇ."

ಟೀಚರ್ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡರು. ಅವರು ಕೇಳಿದ ಕಾರಣಕ್ಕೆ ಒಪ್ಪಂದ ಕನ್ನಡದಲ್ಲೇ ತಯಾರಾಯಿತು. ಹದಿನೆಂಟು ಪುಟ. ಅವರು ಅದನ್ನು ಮನೆಗೆ ತಂದು, ಎರಡು ದಿನ ಕೂತು, ಕೆಂಪು ಪೆನ್ನಿನಲ್ಲಿ ನಲವತ್ತೇಳು ತಪ್ಪು ತಿದ್ದಿದರು. ಒಂಬತ್ತನೆಯ ಪುಟದಲ್ಲಿ 'ಸ್ಥಳದಲ್ಲಿ ಲಬ್ಯವಿರುವ ನೀರು ಹಾಗು ಮರಳನ್ನು ಉಪಯೋಗಿಸತಕ್ಕದ್ದು' ಎಂದಿತ್ತು. 'ಲಬ್ಯ'ದ ಬಕಾರಕ್ಕೆ ಮಹಾಪ್ರಾಣ ಕೊಟ್ಟರು, 'ಹಾಗು'ವಿಗೆ ದೀರ್ಘ ಎಳೆದರು, ಮುಂದಿನ ಪುಟಕ್ಕೆ ಹೋದರು. ಪ್ರತೀಕ್ ಆ ಕೆಂಪು ಗುರುತುಗಳನ್ನು ಕಂಡು ಕೈ ಮುಗಿದ. "ಮೇಡಂ, ನಿಮ್ಮ ಹಾಗೆ ಓದುವವರು ಯಾರೂ ಇಲ್ಲ." ಟೀಚರಿಗೆ ಅದು ಸರಿಯೆಂದೇ ಅನಿಸಿತು.

ದೀಪಾವಳಿ ಕಳೆದು ಕೆಲಸ ಶುರುವಾಯಿತು. ರಸ್ತೆಯ ಬದಿಗೆ ನೀಲಿ ಬೋರ್ಡು ಬಂತು, ಅದರ ಮೇಲೆ ಬೂಬ ಸಾಲಿಯಾನರ ಹೆಸರು ಪ್ರತೀಕನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿತ್ತು. ಟೀಚರ್ ಕಟಪಾಡಿಯಲ್ಲಿ ಬಸ್ಸಿಳಿದು, ರಿಕ್ಷಾ ಹಿಡಿದು, ಕೊಡೆ ಬಿಡಿಸಿಕೊಂಡು ಬಂದು ನೋಡಿದರೆ ಪಂಚಾಂಗದ, ಅಂದರೆ ಅಡಿಪಾಯದ, ಗುಂಡಿಯೊಳಗೆ ದಾರ ಹಿಡಿದು ನಿಂತವನು ಈಶಪ್ಪ! ಅವನ ಹೆಂಡತಿ ಭಾಗವ್ವ ತಲೆಯ ಮೇಲೆ ಜಲ್ಲಿಯ ಬುಟ್ಟಿ ಹೊತ್ತು ಹಲಗೆಯ ಮೇಲೆ ನಡೆದುಬರುತ್ತಿದ್ದಳು.

"ನೀನು ಇಲ್ಲಿ ಎಂತ ಮಾಡುತ್ತೀ?"

"ನಿಮ್ಮ ಮನೀ ಕಟ್ಟಾಕ ಹತ್ತೀನ್ರಿ ಅಕ್ಕಾರ," ಎಂದ ಈಶಪ್ಪ, ದಾರದಿಂದ ಕಣ್ಣು ತೆಗೆಯದೆ.

ಟೀಚರ್ ಅಲ್ಲಿಂದಲೇ ಪ್ರತೀಕನಿಗೆ ಫೋನು ಮಾಡಿದರು. ಅವನು ನಕ್ಕ. "ಮೇಡಂ, ಲೇಬರ್ ಯಾವತ್ತೂ ಲೇಬರೇ. ಬ್ರೈನ್ ನಮ್ಮದು." ಈ ಉತ್ತರ ಅವರಿಗೆ ಸಮಾಧಾನ ಕೊಟ್ಟಿತು. ತಾವು ಬೇಡವೆಂದು ಕಳಿಸಿದವನಿಗೆ ಈಗ ತಲೆಯ ಮೇಲೊಂದು ಲೈಸೆನ್ಸು ಬಂದಿದೆಯಲ್ಲ, ಅಷ್ಟು ಸಾಕು.

ಪಂಚಾಂಗ ಮಾತ್ರ ಸೊಗಸಾಗಿ ಎದ್ದಿತು. ಮಕರ ಸಂಕ್ರಾಂತಿ ಕಳೆದು ಅದರ ಮೇಲೆ ಸುತ್ತಲೂ ಪಟ್ಟಿಯ ಹಾಗೆ ಬೆಲ್ಟಿನ ಕಾಂಕ್ರೀಟೂ ಬಿತ್ತು. ಬೂಬ ಸಾಲಿಯಾನರು ಒಂದು ದಿನವೂ ಬರಲಿಲ್ಲ. ಕೇಳಿದಾಗಲೆಲ್ಲ ಅವರು ಕಾಪುವಿನ ಸೈಟಿನಲ್ಲಿರುತ್ತಿದ್ದರು.

ಶಿವರಾತ್ರಿ ಕಳೆದ ವಾರ ಈಶಪ್ಪ ಜಾಗದಲ್ಲಿದ್ದ ಬಾವಿಯಿಂದ ಒಂದು ಕೊಡ ನೀರು ಸೇದಿ, ಅಂಗೈಯಲ್ಲಿ ಹಿಡಿದು ಬಾಯಿಗೆ ಹಾಕಿ ಉಗುಳಿದ. ಟೀಚರ್ ಕೊಡೆಯ ನೆರಳಲ್ಲಿ ನಿಂತು ಇದನ್ನು ಅಸಹ್ಯದಿಂದ ನೋಡಿದರು.

"ಅಕ್ಕಾರ, ನೀರು ಉಪ್ಪಾಗ್ಯಾವ್ರಿ. ಇದರಾಗ ಕಾಂಕ್ರೀಟ್ ಕಲಸಿದ್ರ ಒಳಗಿನ ಕಬ್ಬಿಣ ತಿಂದು ಹಾಕ್ತೈತಿ. ಸೀನೀರು ತರಸ್ರಿ."

ಮಟ್ಟುವಿನ ಬಾವಿಗಳು ಬೇಸಿಗೆಗೆ ಉಪ್ಪಾಗುವುದು ಟೀಚರಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಕುಡಿಯುವ ನೀರಿಗೆ ಅಮ್ಮ ಕೊಡ ಹಿಡಿದು ಅರ್ಧ ಮೈಲಿ ನಡೆಯುತ್ತಿದ್ದದ್ದು ನೆನಪಿತ್ತು. ಆದರೆ ಇದನ್ನು ಟೂ ವ್ಹೀಲರ್ ಲೈಸೆನ್ಸಿನವನ ಬಾಯಿಂದ ಕೇಳಲು ಅವರಿಗೆ ಮನಸ್ಸಿರಲಿಲ್ಲ. ಪ್ರತೀಕನಿಗೆ ಫೋನು ಹೋಯಿತು. "ಮೇಡಂ, ಮೇಸ್ತ್ರಿಗಳ ಮಾತು ಕೇಳಿದರೆ ಮನೆ ಏಳುವುದಿಲ್ಲ. ಟ್ಯಾಂಕರ್ ಹೇಳಿದ್ದೇನೆ, ಬರ್ತದೆ. ಅವನಿಗೆ ರೇಟು ಜಾಸ್ತಿ ಬೇಕು, ಅದಕ್ಕೆ ಡ್ರಾಮಾ."

ಟೀಚರ್ ಫೋನು ಚೀಲಕ್ಕೆ ಹಾಕಿ ಹೇಳಿದರು, "ನಿನ್ನ ಕೆಲಸ ನೀನು ನೋಡು. ನೀರಿನ ವಿಷಯ ನೋಡಲು ಲೈಸೆನ್ಸ್ ಇದ್ದವರು ಇದ್ದಾರೆ."

ಈಶಪ್ಪ ಎರಡು ದಿನ ಟ್ಯಾಂಕರಿಗೆ ಕಾದ. ಮೂರನೆಯ ದಿನ ತನ್ನ ಕರಣೆ, ತೂಗುಗುಂಡು, ಮಟ್ಟದ ಹಲಗೆಗಳನ್ನು ಚೀಲದಲ್ಲಿ ತುಂಬಿದ. "ಗೊತ್ತಿದ್ದೂ ಗೊತ್ತಿದ್ದೂ ನಾ ಕಲಸಂಗಿಲ್ರಿ" ಎಂದ, ಹೆಂಡತಿಯನ್ನೂ ಆಳುಗಳನ್ನೂ ಕರೆದುಕೊಂಡು ಹೊರಟುಹೋದ. ಟೀಚರ್ ಅದನ್ನು ಓಡಿಹೋಗುವುದು ಎಂದು ಕರೆದರು. ಪ್ರತೀಕ್ ಮಾರನೆಯ ದಿನವೇ ಬೇರೆ ಜನ ತಂದ. ಅವರು ಯಾರೂ ನೀರು ಕುಡಿದು ನೋಡುವ ಜಾತಿಯಲ್ಲ. ಗೋಡೆ ಏರಿತು, ಲಿಂಟಲ್ ಬಿತ್ತು, ಕಿಟಕಿಗಳ ಮೇಲೆ ಸನ್‌ಶೇಡುಗಳು ಚಾಚಿದವು, ಜಗಲಿಗೆ ನಾಲ್ಕು ಪಿಲ್ಲರು ನಿಂತವು. ಸ್ಲ್ಯಾಬಿನ ಹೊತ್ತಿಗೆ ಮಳೆ ಬಂದದ್ದರಿಂದ ಕೆಲಸ ಚೌತಿಯ ತನಕ ನಿಂತಿತು.

ಚೌತಿ ಕಳೆದು ಟೀಚರ್ ನೋಡಲು ಹೋದರು. ಸನ್‌ಶೇಡುಗಳ ಅಡಿಯಲ್ಲಿ ಬೂಷ್ಟಿನಂಥ ಬಿಳಿ ಹುಡಿ ಎದ್ದಿತ್ತು. ಲಿಂಟಲಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು, ಬಿರುಕಿನಿಂದ ಗೋಡೆಯ ಮೇಲೆ ಕಂದು ಬಣ್ಣ ಇಳಿದಿತ್ತು. ಪಿಲ್ಲರಿನ ಮೂಲೆಯನ್ನು ಕೊಡೆಯ ತುದಿಯಿಂದ ಮುಟ್ಟಿದರೆ ಬಿಸ್ಕತ್ತಿನ ಹಾಗೆ ಒಂದು ತುಂಡು ಬಿತ್ತು.

ಗದ್ದೆಯಲ್ಲಿ ಗುಳ್ಳದ ಸಸಿ ನೆಡುತ್ತಿದ್ದ ಕುಶಲಾ ಕೈ ತೊಳೆದುಕೊಂಡು ಬಂದಳು.

"ಕುಶಲಾ, ಇಲ್ಲಿಗೆ ಟ್ಯಾಂಕರ್ ಎಷ್ಟು ಸಲ ಬಂದಿತ್ತು?"

"ಎರಡು ಸಲ ಅಕ್ಕ. ಒಂದು ಸಲ ಬಂದದ್ದು ದಾರಿ ತಪ್ಪಿ."

"ನೀನು ಮೊದಲೇ ಯಾಕೆ ಹೇಳಲಿಲ್ಲ?"

ಕುಶಲಾ ಸೆರಗಿಗೆ ಕೈ ಒರೆಸಿದಳು. "ಈಶಪ್ಪ ಹೇಳಿದ್ದನಲ್ಲ ಅಕ್ಕ. ನೀವು ಅವನಿಗೆ ಕೊಟ್ಟ ಉತ್ತರ ನಮ್ಮ ಗದ್ದೆಯ ತನಕ ಕೇಳಿತ್ತು. ಆಮೇಲೆ ಹೇಳಲಿಕ್ಕೆ ನನಗೆಂತ ಲೈಸೆನ್ಸ್ ಉಂಟು?"

ಟೀಚರ್ ಮೊಬೈಲು ತೆಗೆದು ಬಿರುಕು, ಬಿಳಿ ಹುಡಿ ಎಲ್ಲದರ ಫೋಟೋ ಹೊಡೆದುಕೊಂಡು ಪ್ರತೀಕನ ಆಫೀಸಿಗೆ ಹೊರಟರು.

ಪ್ರತೀಕ್ ಫೋಟೋಗಳನ್ನು ನೋಡಿ, "ಮೇಡಂ, ಇದು ಬರೇ ಸರ್ಫೇಸ್. ಕೆಮಿಕಲ್ ಹೊಡೆದು ಎರಡು ಕೋಟ್ ಪೈಂಟ್ ಕೊಟ್ಟರೆ ಇಪ್ಪತ್ತು ವರ್ಷ ನೋಡಬೇಕಾಗಿಲ್ಲ" ಎಂದ. ಒಂಬತ್ತನೆಯ ಪುಟವನ್ನೂ ತೆಗೆದು ತೋರಿಸಿದ. ಸ್ಥಳದಲ್ಲಿ ಲಭ್ಯವಿರುವ ನೀರು. ಈಗ ಅದು ಶುದ್ಧ ಕನ್ನಡದಲ್ಲಿತ್ತು.

"ನನಗೆ ಸಾಲಿಯಾನರನ್ನು ನೋಡಬೇಕು."

"ಅವರು ಬಾಂಬೆಯಲ್ಲಿದ್ದಾರೆ ಮೇಡಂ."

ಮಾರನೆಯ ದಿನ ಬೆಳಿಗ್ಗೆ ಟೀಚರ್ ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿದರು. ಮೊಬೈಲಿನ ಫೋಟೋದಲ್ಲಿ ವಿಳಾಸ ಸ್ಪಷ್ಟವಾಗಿತ್ತು. ನಕ್ರೆಯಲ್ಲಿ ಬೂಬಣ್ಣನ ಮನೆಯೆಂದದ್ದೇ ಸಾಕಾಯಿತು, ರಿಕ್ಷಾದವನು ಮತ್ತೊಂದು ಮಾತು ಕೇಳಲಿಲ್ಲ. ಜಗಲಿಯಲ್ಲಿ ಎಪ್ಪತ್ತು ದಾಟಿದ ಮುದುಕರೊಬ್ಬರು, ಬರಿಮೈಯಲ್ಲಿ, ಪಂಪಿನ ಭಾಗಗಳನ್ನೆಲ್ಲ ಗೋಣಿಯ ಮೇಲೆ ಹರಡಿಕೊಂಡು, ಅದನ್ನು ಮಾರಿದವನಿಗೆ ಬೈಯುತ್ತ ಕೂತಿದ್ದರು. ಬಾಂಬೆಗೆ ಅವರು ಕೊನೆಯ ಸಲ ಹೋದದ್ದು ಇಪ್ಪತ್ತೆರಡು ವರ್ಷದ ಹಿಂದೆ.

ಟೀಚರ್ ವಿಷಯ ಹೇಳಿದರು. ಬೂಬ ಸಾಲಿಯಾನರು ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಮನೆ ಕಟ್ಟಲಿಕ್ಕೆ ಈ ಲೈಸೆನ್ಸ್ ಬೇಕು ಅಂತ ನಿಮಗೆ ಹೇಳಿದವರು ಯಾರು?"

ಟೀಚರ್ ಯೋಚಿಸಿದರು. ಯಾರೂ ಹೇಳಿರಲಿಲ್ಲ.

"ಅದು ಸರ್ಕಾರದ ಟೆಂಡರು ಹಾಕಲಿಕ್ಕೆ ಮಾರಾಯ್ರೇ. ರಸ್ತೆ, ಸಂಕ, ಶಾಲೆ. ನಿಮ್ಮ ಎರಡು ಕೋಣೆಗೆ ಎಂತಕ್ಕೆ ಅದು?" ಅವರು ಒಳಗೆ ತಿರುಗಿ ಚಹಾಕ್ಕೆ ಹೇಳಿದರು. "ಅವನ ಅಪ್ಪ ನನ್ನ ಹತ್ತಿರ ರೈಟರ್ ಆಗಿದ್ದ, ಒಳ್ಳೆಯವ. ಅವನು ಸತ್ತ ಮೇಲೆ ಈ ಹುಡುಗ ಬಂದು, ಪಂಚಾಯತಿನ ಒಂದು ಚರಂಡಿ ಕೆಲಸಕ್ಕೆ ಹೆಸರು ಕೊಡಿ ಅಂದ. ಕೊಟ್ಟೆ. ರಿನೀವಲ್ ಅವನೇ ಮಾಡಿಸ್ತಾನೆ, ದೀಪಾವಳಿಗೆ ಒಂದು ಬಾಕ್ಸ್ ಸ್ವೀಟ್ ತರ್ತಾನೆ. ಅದನ್ನು ಗೋಡೆಗೆ ತೂಗಿದ್ದು ನನಗೆ ಗೊತ್ತಿಲ್ಲ."

"ಹಾರವನ್ನೂ ಹಾಕಿದ್ದಾನೆ."

"ಹಾರವಾ? ಸತ್ತವರ ಫೋಟೋಕ್ಕೆ ಹಾಕಿದ ಹಾಗೆ?"

"ಹಾಗೆಯೇ."

ಟೀಚರ್ ಒಪ್ಪಂದವನ್ನು ಮುಂದಿಟ್ಟರು. ಮುದುಕರು ಕನ್ನಡಕ ಏರಿಸಿಕೊಂಡು ಪುಟ ತಿರುವಿದರು. ಒಂಬತ್ತನೆಯ ಪುಟಕ್ಕೆ ಬಂದು ನಿಂತರು.

"ಈ ಕೆಂಪು ಯಾರದ್ದು?"

"ನನ್ನದು."

"ಕಾಗುಣಿತ ಸರಿ ಮಾಡಿದ್ದೀರಿ."

"ಹೌದು."

"ಎಂತ ಟೀಚರ್ ನೀವು!" ಬೂಬ ಸಾಲಿಯಾನರು ಕಾಗದವನ್ನು ಗೋಣಿಯ ಮೇಲೆ ಎಸೆದರು. "ನಿಮ್ಮ ಮನೆಗೆ ಉಪ್ಪುನೀರು ಹಾಕುತ್ತೇನೆ ಅಂತ ಬರೆದುಕೊಟ್ಟಿದ್ದಾನೆ. ನೀವು ಅದಕ್ಕೆ ಒತ್ತು ಕೊಟ್ಟು ಸಹಿ ಹಾಕಿದ್ದೀರಿ. ನಾನು ಏಳನೇ ಕ್ಲಾಸು. ನನಗೆ ಇದು ಅರ್ಥ ಆಗ್ತದೆ."

ಮೂವತ್ತೊಂದು ವರ್ಷದಲ್ಲಿ ಟೀಚರಿಗೆ ಈ ಧಾಟಿಯಲ್ಲಿ ಮಾತಾಡಿದವರು ಯಾರೂ ಇರಲಿಲ್ಲ. ಅವರ ಕಿವಿ ಕೆಂಪಾಯಿತು. ಆದರೆ ಸೋಲುವ ಹೆಂಗಸು ಅವರಲ್ಲ.

"ನನ್ನದು ದಡ್ಡತನ, ಒಪ್ಪಿದೆ. ನಿಮ್ಮದು ಎಂತ? ಹೆಸರನ್ನು ಒಂದು ಬಾಕ್ಸ್ ಸ್ವೀಟಿಗೆ ಮಾರಿದವರು ನೀವು. ಅದೂ ಯಾವ ಸ್ವೀಟು ಅಂತ ಕೇಳಲಿಲ್ಲ ನಾನು."

"ನಾನು ನಿಮ್ಮ ಮನೆ ಕಟ್ಟಲಿಲ್ಲ."

"ಬೋರ್ಡಿನಲ್ಲಿ ಹಾಗಿಲ್ಲ. ನಿಮ್ಮ ಹೆಸರು ಇಷ್ಟು ದೊಡ್ಡದಾಗಿ ಉಂಟು. ಮಟ್ಟು ಬೀಚಿಗೆ ಹೋಗುವ ಕಾರುಗಳೆಲ್ಲ ಅದರ ಎದುರೇ ಹೋಗುತ್ತವೆ. ಬೂಬ ಸಾಲಿಯಾನ್ ಕಟ್ಟಿದ ಪಿಲ್ಲರು ಕೊಡೆ ತಾಗಿಸಿದರೆ ಉದುರುತ್ತದೆ ಅಂತ ನಾಳೆಯಿಂದ ನಾನೇ ನಿಂತು ಎಲ್ಲರಿಗೂ ತೋರಿಸುತ್ತೇನೆ. ನನಗೆ ಬೇರೆ ಕೆಲಸ ಇಲ್ಲ. ರಿಟೈರ್ ಆಗಿದೆ."

ಮುದುಕರು ಟೀಚರನ್ನು ದಿಟ್ಟಿಸಿ ನೋಡಿದರು. ನಲವತ್ತು ವರ್ಷ ಸಂಕ, ಸೇತುವೆಗಳನ್ನು ಕಟ್ಟಿಸಿದ ಮನುಷ್ಯ. ಅವರ ಒಂದು ಸಂಕ ಎರಡು ನೆರೆ ಕಂಡೂ ನಿಂತಿದೆಯೆಂದು ರಿಕ್ಷಾದವನೇ ಬರುವ ದಾರಿಯಲ್ಲಿ ಹೇಳಿದ್ದ. ಚಹಾ ಬಂತು. ಅದನ್ನು ಮುಟ್ಟದೆ ಎದ್ದು, "ನನ್ನ ಅಂಗಿ ಎಲ್ಲಿ?" ಎಂದು ಒಳಗೆ ಕೂಗಿದರು.

ಮಟ್ಟು ತಲುಪಿದಾಗ ಮಧ್ಯಾಹ್ನದ ಬಿಸಿಲು. ಬೂಬ ಸಾಲಿಯಾನರು ಮೊದಲು ಬೋರ್ಡಿನ ಎದುರು ನಿಂತು ತಮ್ಮ ಹೆಸರನ್ನು ಓದಿದರು. ಆಮೇಲೆ ಕುಶಲಾಳ ಮನೆಯಿಂದ ಸುತ್ತಿಗೆ ತರಿಸಿ, ಒಂದೊಂದೇ ಪಿಲ್ಲರಿಗೆ ಕಿವಿಯಿಟ್ಟು ಬಡಿಯುತ್ತ ಬಂದರು. ಸನ್‌ಶೇಡಿನ ಚೂರೊಂದನ್ನು ಒಡೆದು ನಾಲಿಗೆಯ ತುದಿಗೆ ತಾಗಿಸಿ ಉಗುಳಿದರು. ಈಶಪ್ಪ ಬಾವಿಯ ಬಳಿ ಉಗುಳಿದ ಹಾಗೆಯೇ. ಈ ಸಲ ಟೀಚರಿಗೆ ಅಸಹ್ಯವಾಗಲಿಲ್ಲ.

"ಉಪ್ಪಿನಕಾಯಿ ಹಾಕಬಹುದು ಇದರಲ್ಲಿ," ಎಂದರು ಅವರು. ಕೊನೆಗೆ ಬಗ್ಗಿ ಪಂಚಾಂಗವನ್ನು ಬಡಿದರು. ಟಣ್ ಎಂದಿತು. ಬೆಲ್ಟನ್ನು ಬಡಿದರು. ಮತ್ತೆ ಟಣ್. ಅವರು ಸುತ್ತಲೂ ಒಂದು ಸುತ್ತು ಬಡಿದುಕೊಂಡು ಬಂದು ಕೇಳಿದರು, "ಇದನ್ನು ಕಟ್ಟಿದವ ಯಾರು?"

"ಈಶಪ್ಪ ಅಂತ. ಘಟ್ಟದ ಮೇಲಿನವನು."

"ಅವನು ಎಲ್ಲಿ?"

ಕುಶಲಾ ಹೇಳಿದಳು, "ಅಕ್ಕ ಓಡಿಸಿದರು."

ಬೂಬ ಸಾಲಿಯಾನರ ಫೋನು ಹೋದ ಅರ್ಧ ಗಂಟೆಯಲ್ಲಿ ಪ್ರತೀಕ್ ಕಾರಿನಲ್ಲಿ ಬಂದ. ಬಂದವನೇ ಕೆಸರೆಂದೂ ನೋಡದೆ ಬಗ್ಗಿ ಮುದುಕರ ಕಾಲು ಮುಟ್ಟಿದ.

"ಕಾಲು ಬಿಡು. ಬಾಂಬೆಯಿಂದ ಈಗ ಬಂದದ್ದು, ನೋಯ್ತಾ ಉಂಟು," ಎಂದರು ಬೂಬ ಸಾಲಿಯಾನರು. "ಕೇಳು. ಪಂಚಾಂಗದಿಂದ ಮೇಲೆ ಎಲ್ಲ ತೆಗೆಯಬೇಕು. ಕೆಂಪುಕಲ್ಲು ತೊಳೆದು ಮತ್ತೆ ಇಡಬಹುದು. ಪಿಲ್ಲರು, ಲಿಂಟಲ್, ಸನ್‌ಶೇಡು, ಕಬ್ಬಿಣ, ಎಲ್ಲ ಗುಜರಿಗೆ. ನಿನ್ನ ಖರ್ಚಿನಲ್ಲಿ."

"ಅಂಕಲ್, ಅಗ್ರಿಮೆಂಟಿನಲ್ಲಿ..."

"ಅಗ್ರಿಮೆಂಟಿನ ವ್ಯಾಕರಣ ಈ ಟೀಚರ್ ನೋಡಿದ್ದಾರೆ, ಭಾರೀ ಚಂದ ಉಂಟು. ಅದು ಬೇಡ ನನಗೆ. ನೀನು ತೆಗೆಯದಿದ್ದರೆ ನಾಳೆ ಇಲಾಖೆಗೆ ಹೋಗಿ, ನನ್ನ ಹೆಸರನ್ನು ಯಾವನೋ ಕದ್ದು ತೂಗಿದ್ದಾನೆ ಅಂತ ಬರೆದುಕೊಡುತ್ತೇನೆ. ಪೊಲೀಸಿಗೂ ಒಂದು ಪ್ರತಿ."

ಪ್ರತೀಕನ ಮುಖದಲ್ಲಿ ಇಷ್ಟು ದಿನ ಇದ್ದ ಎ.ಸಿ. ಆಫೀಸಿನ ತಂಪು ಒಮ್ಮೆಲೇ ಮಾಯವಾಯಿತು. ಬೆವರಿದ. ಒಪ್ಪಿದ. ಒಪ್ಪುವುದಕ್ಕೆ ಮುಂಚೆ ಗೋಡೆಯನ್ನಾದರೂ ಉಳಿಸಬಹುದೇ ಎಂದು ಮೂರು ಸಲ ಕೇಳಿದ, ಮೂರು ಸಲವೂ ಬೈಸಿಕೊಂಡ. ಅವನ ಮೇಲೆ ಟೀಚರಿಗೆ ಆ ಹೊತ್ತಿನಲ್ಲಿ ಬಂದದ್ದು ಕೋಪವಲ್ಲ, ಬರೀ ತಿರಸ್ಕಾರ. ಕಾಪಿ ಹೊಡೆದು ಸಿಕ್ಕಿಬಿದ್ದು ಅತ್ತ ಹುಡುಗರ ಮೇಲೆ ಕೂಡ ಅವರಿಗೆ ಇದಕ್ಕಿಂತ ಹೆಚ್ಚು ಮರ್ಯಾದೆ ಇತ್ತು.

"ಒಡೆಯುವುದನ್ನು ಇವನ ಜನ ಮಾಡಲಿ," ಎಂದರು ಬೂಬ ಸಾಲಿಯಾನರು ಟೀಚರ ಕಡೆ ತಿರುಗಿ. "ಕಟ್ಟಲಿಕ್ಕೆ ಆ ಈಶಪ್ಪ ಬೇಕು. ಕರೆದುಕೊಂಡು ಬನ್ನಿ. ನಾನು ಹೋಗುವುದಿಲ್ಲ, ಓಡಿಸಿದವನು ನಾನಲ್ಲ."

ಈಶಪ್ಪ ಶಿರ್ವದಲ್ಲಿದ್ದ. ಕೊಲ್ಲಿ ದೇಶದ ದುಡ್ಡಿನಲ್ಲಿ ಎದ್ದ ಮೂರಂತಸ್ತಿನ ಮನೆಯೊಂದಕ್ಕೆ ಸಾರಣೆ ನಡೆದಿತ್ತು. ಟೀಚರ್ ಗೇಟಿನಲ್ಲಿ ನಿಂತಾಗ ಅವನು ಎರಡನೆಯ ಅಂತಸ್ತಿನ ಅಟ್ಟಣಿಗೆಯ ಮೇಲಿದ್ದ. ಕೆಳಗೆ ಸಿಮೆಂಟ್ ಕಲಸುತ್ತಿದ್ದ ಭಾಗವ್ವ ಅವರನ್ನು ಮೊದಲು ಕಂಡಳು. ಸಲಿಕೆ ಊರಿ ನಿಂತಳು. ಕೂರಿ ಎನ್ನಲಿಲ್ಲ.

"ಈಶಪ್ಪನ ಹತ್ತಿರ ಮಾತಾಡಬೇಕಿತ್ತು."

"ಮಾತಾಡ್ರಿ. ಮ್ಯಾಗ ಅದಾನ."

ಟೀಚರ್ ಕತ್ತೆತ್ತಿದರು. ಬಿಸಿಲು ಕಣ್ಣಿಗೆ ಹೊಡೆಯಿತು. ತರಗತಿಯಲ್ಲಿ ಕೊನೆಯ ಬೆಂಚಿಗೆ ತಲುಪುತ್ತಿದ್ದ ಧ್ವನಿಯನ್ನೇ ಮೇಲಕ್ಕೆ ಕಳಿಸಿದರು. "ಈಶಪ್ಪ," ಎಂದರು, "ನೀವು ಹೇಳಿದ್ದು ಸರಿ. ನೀರು ಉಪ್ಪಾಗಿತ್ತು. ಎಲ್ಲ ಒಡೆಯುತ್ತಿದ್ದಾರೆ. ನೀವು ಕಟ್ಟಿದ ಪಂಚಾಂಗ ಮಾತ್ರ ಉಳಿಯುತ್ತದೆ."

ಮೇಲೆ ಕರಣೆಯ ಶಬ್ದ ನಿಂತಿತು. ಭಾಗವ್ವ ನಕ್ಕಳು. ಚೆನ್ನಾಗಿ, ಹಲ್ಲು ತೋರಿಸಿ ನಕ್ಕಳು.

"ಕೇಳಿದೇನ? ಅಕ್ಕಾರು ಈಗ 'ನೀವು' ಅನ್ನಾಕ ಹತ್ಯಾರ. ಮನೀ ಬಿದ್ದ ಮ್ಯಾಲೆ." ಆಮೇಲೆ ಟೀಚರ ಕಡೆ ತಿರುಗಿದಳು. "ನಾವಿನ್ನೂ ಲೈಸೆನ್ಸ್ ಮಾಡ್ಸಿಲ್ರಿ. ನಡೀತೈತೇನ್ರಿ?"

ಟೀಚರ್ ತಲೆ ತಗ್ಗಿಸಿದರು. ಏನೋ ಒಂದು ಚುಚ್ಚುಮಾತು ನಾಲಿಗೆಯ ತುದಿಗೆ ಬಂದಿತ್ತು, ಅಭ್ಯಾಸಬಲ. ನುಂಗಿಕೊಂಡರು. "ನಡೆಯುತ್ತದೆ," ಎಂದರು.

"ಅಂದು ಆ ಮಾತು ಅಂದ್ರಲ್ರಿ, ಲೈಸೆನ್ಸ್ ಇದ್ದವರು ಅದಾರ ಅಂತ. ಅವತ್ತು ಇವ ಉಂಡಿಲ್ರಿ. ದುಡ್ಡಿಗಿ ಡ್ರಾಮಾ ಮಾಡ್ತಾನ ಅಂದನಂತ ಆ ಹುಡುಗ, ನೀವು ನಂಬಿದ್ರಿ. ಇಪ್ಪತ್ತು ವರ್ಷದಾಗ ಇವ ಕಟ್ಟಿದ್ದು ಒಂದ್ ಗ್ವಾಡಿ ಬಿರುಕು ಬಿಟ್ಟಿಲ್ಲ."

"ಭಾಗಾ, ಸಾಕ್ ಮಾಡ," ಎಂದು ಈಶಪ್ಪ ಮೇಲಿನಿಂದ ಅಂದ. ಏಣಿ ಇಳಿದು ಬಂದ. ಕೈ ತೊಳೆದುಕೊಂಡ. ಟೀಚರ ಮುಖ ನೋಡದೆ ಕೇಳಿದ, "ನೀರು ಎಲ್ಲಿಂದ ತರ್ತೀರಿ?"

"ಕಟಪಾಡಿಯಿಂದ ಟ್ಯಾಂಕರ್. ದಿನಾ. ನಾನೇ ನಿಂತು ಇಳಿಸಿಕೊಳ್ಳುತ್ತೇನೆ."

"ನಾ ಕುಡದು ನೋಡಾಂವ್ರಿ. ಒಂದು ಟ್ಯಾಂಕರ್ ಉಪ್ಪಿದ್ರೂ ತಿರುಗಿ ಕಳಿಸಾಂವ."

"ಕಳಿಸಿ."

"ಇಲ್ಲಿದು ಮುಗೀಲಿ. ದೀಪಾವಳಿ ಆದ ಮ್ಯಾಲೆ ಬರ್ತೀನಿ." ಒಂದು ಹೆಜ್ಜೆ ಹೋಗಿ ತಿರುಗಿದ. "ನನಗ 'ನೀವು' ಅನ್ನಬ್ಯಾಡ್ರಿ ಅಕ್ಕಾರ. ಮಾಸ್ತರಮ್ಮಾರು ಅನ್ನಿಸಿಕೊಂಡವರು. ಕೇಳಾಕ ಒಂಥರಾ ಆಗ್ತೈತಿ."

ಬಂದ. ಬೂಬ ಸಾಲಿಯಾನರೂ ಬಂದರು. ಕರೆದದ್ದು ಒಂದು ದಿನಕ್ಕೆ, ಆದರೆ ಮುದುಕರು ವಾರಕ್ಕೆ ನಾಲ್ಕು ದಿನ ಬೆಳಗಿನ ಬಸ್ಸಿನಲ್ಲಿ ಕಾರ್ಕಳದಿಂದ ಬಂದು, ಕುಶಲಾಳ ಪ್ಲಾಸ್ಟಿಕ್ ಕುರ್ಚಿಯನ್ನು ತೆಂಗಿನ ನೆರಳಿಗೆ ಎಳೆದು ಕೂರತೊಡಗಿದರು. ಬೋರ್ಡನ್ನು ಕಿತ್ತು ಅದರ ತಗಡನ್ನು ಸಿಮೆಂಟ್ ಮೂಟೆಗಳಿಗೆ ಹೊದಿಸಿದರು. ಕಂಟ್ರಾಕ್ಟರನ ಕೆಲಸವೆಲ್ಲ ಅವರೇ ಮಾಡಿದರು, ಸಂಬಳ ತೆಗೆದುಕೊಳ್ಳಲಿಲ್ಲ. ಉಪಕಾರವೆಂದು ಅಲ್ಲ. ತಮ್ಮ ಹೆಸರಿಗೆ ಹತ್ತಿದ ಕಲೆ ತೊಳೆಯಲಿಕ್ಕೆ ಬಂದದ್ದು ಎಂದು ಟೀಚರ ಮುಖಕ್ಕೇ ಹೇಳಿದರು. ಟೀಚರ್ ಕೂಡ ಧನ್ಯವಾದ ಹೇಳುವ ಗೋಜಿಗೆ ಹೋಗಲಿಲ್ಲ. ಜಲ್ಲಿಯ ಲೋಡಿನ ಬಗ್ಗೆ, ಕಿಟಕಿಯ ಎತ್ತರದ ಬಗ್ಗೆ, 'ಅಡಿಪಾಯ' ಸರಿಯೋ 'ಪಂಚಾಂಗ' ಸರಿಯೋ ಎಂಬುದರ ಬಗ್ಗೆ ಇಬ್ಬರೂ ದಿನಾ ಜಗಳ ಆಡಿದರು. ಈಶಪ್ಪ ಇಬ್ಬರ ಮಾತನ್ನೂ ಕೇಳಿಸಿಕೊಂಡು, ತನಗೆ ಸರಿಕಂಡದ್ದನ್ನು ಮಾಡಿದ. ಭಾಗವ್ವ ಟ್ಯಾಂಕರ್ ಬಂದಾಗಲೆಲ್ಲ ಒಂದು ಲೋಟ ನೀರನ್ನು ಗಂಡನಿಗೆ ಕೊಟ್ಟು, ಇನ್ನೊಂದನ್ನು ಟೀಚರಿಗೆ ಚಾಚಿ, "ನೀವೂ ನೋಡ್ರಿ" ಎನ್ನುತ್ತಿದ್ದಳು. ಟೀಚರ್ ಕುಡಿಯುತ್ತಿದ್ದರು.

ಪ್ರತೀಕ್ ಒಡೆಸಿದ ಖರ್ಚನ್ನೂ ಹೊಸ ಕಬ್ಬಿಣದ ಖರ್ಚನ್ನೂ ಕೊಟ್ಟು ಮುಗಿಸಿದ. ಸಂಕ್ರಾಂತಿಯ ಹೊತ್ತಿಗೆ ಟೀಚರ್ ಏನೋ ಸಹಿಗೆಂದು ಅವನ ಆಫೀಸಿಗೆ ಹೋಗಿದ್ದರು. ಗೋಡೆಯ ಮೇಲೆ ಅದೇ ಚೌಕಟ್ಟು, ಅದೇ ಚಂದನದ ಹಾರ, ಒಳಗೆ ಕುಂದಾಪುರದ ಕಡೆಯ ಇನ್ಯಾರದೋ ಹೆಸರು. ಎದುರಿನ ಕುರ್ಚಿಯಲ್ಲಿ ದುಬೈಯಿಂದ ರಜೆಗೆ ಬಂದ ಗಂಡಹೆಂಡತಿ ಟಿವಿಯಲ್ಲಿ ತಮ್ಮ ಮನೆಯನ್ನು ನೋಡುತ್ತಿದ್ದರು. ಹುಲ್ಲಿನ ಮೇಲೆ ಬಿಳಿ ನಾಯಿ ಓಡುತ್ತಿತ್ತು. ಟೀಚರ್ ಸಹಿ ಹಾಕಿ, ಆ ಹೆಂಗಸಿನ ಪಕ್ಕ ಕೂತು, ಪ್ರತೀಕನ ಎದುರೇ ಒಂದು ಗಂಟೆ ಮಾತಾಡಿದರು. ಗಂಡಹೆಂಡತಿ ಚಹಾ ಕುಡಿಯದೆ ಎದ್ದು ಹೋದರು.

ಏಪ್ರಿಲಿನಲ್ಲಿ ಗೃಹಪ್ರವೇಶವಾಯಿತು. ಗುಳ್ಳದ ಸಾಂಬಾರು, ಎರಡು ಬಗೆ ಪಾಯಸ. ಎಲೆ ಹಾಕಿದ ಮೇಲೆ ನೋಡಿದರೆ ಬೂಬ ಸಾಲಿಯಾನರು ಪಂಕ್ತಿಯಲ್ಲಿಲ್ಲ. ಬಿಳಿ ಪಂಚೆ ಎತ್ತಿ ಕಟ್ಟಿ ತಾರಸಿಯ ಮೇಲೆ ನಿಂತು, ನೀರು ಹೋಗುವ ಇಳಿಜಾರು ಮೂಡಣ ಮೂಲೆಯಲ್ಲಿ ಸರಿಯಿಲ್ಲವೆಂದು ಕೂಗುತ್ತಿದ್ದರು. ಹೊಸ ಅಂಗಿಯ ಈಶಪ್ಪ ಊಟ ಬಿಟ್ಟು ಮೇಲೆ ಹೋದ. ಸರಿ ಇದೆಯೆಂದು ಅವನು, ಇಲ್ಲವೆಂದು ಇವರು. ಕೆಳಗೆ ಅನ್ನ ತಣಿಯುತ್ತಿತ್ತು. ಕೊನೆಗೆ ಟೀಚರ್ ರೇಷ್ಮೆ ಸೀರೆಯ ನೆರಿಗೆ ಸಿಕ್ಕಿಸಿಕೊಂಡು, ಒಂದು ಕೊಡ ನೀರು ಹೊತ್ತು ಮೆಟ್ಟಿಲು ಹತ್ತಿದರು. ಸುರಿದರು. ನೀರು ಸರಸರನೆ ಓಡಿತು. ಮೂಡಣ ಮೂಲೆಯಲ್ಲಿ ಮಾತ್ರ ಅಂಗೈಯಗಲ ನಿಂತಿತು.

ಮುದುಕರು ಗೆದ್ದವರ ಹಾಗೆ ಕೈ ಕಟ್ಟಿ ನಿಂತರು. ಈಶಪ್ಪ ಕುಕ್ಕರುಗಾಲಲ್ಲಿ ಕೂತು ಆ ನೀರನ್ನೇ ನೋಡಿದ. ಅವನ ಮುಖ ಸಣ್ಣದಾಯಿತು.

"ನಾಳೆ ಮುಂಜಾನೆ ಬರ್ತೀನ್ರಿ ಅಕ್ಕಾರ."

"ನಾಳೆ ಬಾ," ಎಂದರು ಟೀಚರ್. "ಈಗ ಇಬ್ಬರೂ ಬಂದು ಉಣ್ಣಿ. ಭಾಗವ್ವ ಆಗಲೇ ಎಲೆಯ ಮುಂದೆ ಕೂತು ಬೈಯುತ್ತಿದ್ದಾಳೆ."